ಕಡವಿನ ಬೋಟುಗಳ ವಿಷಯದಲ್ಲಿ ಇನ್ನು ಸುಮ್ಮನಿರಲಾಗದು

ಹೊಳೆಬದಿ ಮನೆ, ರಾತ್ರಿ 11.20
ಇವತ್ತು ಕತ್ತಲಾದ ಮೇಲೂ ಕಡವಿನಿಂದ (ದೋಣಿ ಹತ್ತಿಳಿಯುವ ಜಾಗದಿಂದ) ಬೋಟು ಹೊರಟಿತು. ಬೋಟಿನಲ್ಲಿ ದೀಪವಿರಲಿಲ್ಲ, ಮಕ್ಕಳಿಗೂ ಲೈಫ್ ಜಾಕೆಟ್ ಹಾಕಿರಲಿಲ್ಲ. ಇಳಿನೀರಿನಲ್ಲಿ ಹೊಯ್ಗೆ (ಮರಳು) ದಿಬ್ಬಕ್ಕೆ ತಾಗಿ ಬೋಟು ವಾಲಿದಾಗ ಒಳಗಿದ್ದವರ ಬೊಬ್ಬೆ ನಮ್ಮ ಜಗಲಿಗೆ ಕೇಳಿಸಿತು. ಬಲೆ ಹಾಕಲು ಹೋಗಿದ್ದ ದೋಣಿಯವರು ಹತ್ತಿರವೇ ಇದ್ದುದರಿಂದ ಎಲ್ಲರೂ ದಡ ಸೇರಿದರು. ಮಳೆಗಾಲ ಮುಗಿದಾಗ ನಾವು ಸಹಿ ಹಾಕಿ ಕೊಟ್ಟ ಮನವಿ ಎಲ್ಲಿಗೆ ಹೋಯಿತೆಂದು ಸಮಿತಿಯವರು ಹೇಳಬೇಕು. ಹೆಣ ತೇಲಿದ ಮೇಲೆ ಕರೆಯುವ ಸಭೆ ನನಗೆ ಬೇಡ.

ಕಾರ್ಯದರ್ಶಿ, 11.34
ಮನವಿ ಕೊಟ್ಟ ರಶೀದಿ ನನ್ನಲ್ಲಿದೆ, ಉತ್ತರ ಬಂದಿಲ್ಲ. ದಯವಿಟ್ಟು ಸಮಿತಿಯನ್ನು ದೂರಬೇಡಿ.

ತೋಟದಮನೆ, 11.36
ಬೋಟಿನವರನ್ನು ಬೈದು ಫಲವಿಲ್ಲ. ರಾತ್ರಿ ಹೊಯ್ಗೆ ತೆಗೆಯುವವರು ಹೊಳೆಯ ತಳವನ್ನೇ ಕೆಡಿಸಿದ್ದಾರೆ. ನಿನ್ನೆ ಗುಂಡಿಯಿದ್ದಲ್ಲಿ ಇಂದು ದಿಬ್ಬವಿದ್ದರೆ ನಮ್ಮ ಚಂದ್ರಗಿರಿ ಹೊಳೆಯಲ್ಲೇ ಹುಟ್ಟಿ ಬೆಳೆದ ದೋಣಿಗಾರನಿಗೂ ದಾರಿ ತಪ್ಪುತ್ತದೆ. ಆ ಲಾರಿಗಳು ಯಾರ ಅಂಗಳದ ಮೂಲಕ ಹೋಗುತ್ತಿದ್ದವೆಂದು ಈ ಗುಂಪಿನಲ್ಲಿ ಎಲ್ಲರಿಗೂ ಗೊತ್ತು.

ಕಡವಿನಂಗಡಿ, 11.41
ನನ್ನನ್ನೇ ಹೇಳುವುದಾದರೆ ಹೆಸರು ಹಿಡಿದೇ ಹೇಳಿ. ಲಾರಿಗೆ ದಾರಿ ಬಿಡುವುದನ್ನು ನಾನು ನಿಲ್ಲಿಸಿ ಎಷ್ಟು ಕಾಲವಾಯಿತೆಂದು ನಿಮಗೂ ಗೊತ್ತಿದೆ.

ಮಾಷ್ಟ್ರು, ಬೆಳಗ್ಗೆ 6.10
ಹೊಯ್ಗೆಯ ಜಗಳ ಬೇರೆ, ಬೋಟಿನ ಸುರಕ್ಷತೆ ಬೇರೆ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ 22 ಜನ ಮುಳುಗಿ ಸತ್ತದ್ದು ಕತ್ತಲಾದ ಮೇಲೆ ಹೊರಟ, ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ ಕಟ್ಟಿದ, ಮಿತಿಗಿಂತ ಹೆಚ್ಚು ಜನರನ್ನು ತುಂಬಿದ್ದ ಬೋಟಿನಲ್ಲಿ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 45 ಜೀವ ಹೋಯಿತು. ದಡದ ಕಾಡುಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ಸರಿದರೆಂದು ಆಗ ವರದಿಯಾಗಿತ್ತು. ಮೇಲಿನ ಅಂತಸ್ತಿನಲ್ಲಿ ಭಾರ ಹೆಚ್ಚಿದಷ್ಟೂ ಬೋಟಿನ ಸ್ಥಿರತೆ ಕುಗ್ಗುತ್ತದೆ, ಆ ಭಾರ ಒಮ್ಮೆಲೇ ಒಂದು ಬದಿಗೆ ಸರಿದರೆ ಸರಿಪಡಿಸಿಕೊಳ್ಳಲು ಚಾಲಕನಿಗೆ ಸಮಯವೇ ಸಿಗುವುದಿಲ್ಲ. ಮೂಲೆಯಲ್ಲಿ ರಾಶಿ ಹಾಕಿದ ಲೈಫ್ ಜಾಕೆಟ್ ಆ ಕ್ಷಣ ಯಾರ ಕೈಗೂ ಎಟಕದು. ಹತ್ತುವ ಮೊದಲೇ ಮೈಗೆ ಬಿಗಿದು ಕಟ್ಟಿರಬೇಕು, ಮಕ್ಕಳಿಗೆ ಅವರ ಅಳತೆಯದೇ ಬೇಕು.
2021ರ ಒಳನಾಡು ನೌಕೆಗಳ ಕಾಯಿದೆಯ ಪ್ರಕಾರ ಯಂತ್ರದ ಬೋಟಿಗೆ ತಪಾಸಣೆಯ ಪ್ರಮಾಣಪತ್ರವೂ ನೋಂದಣಿಯೂ ಇರಬೇಕು, ನೋಂದಣಿ ಸಂಖ್ಯೆ ಎದ್ದು ಕಾಣಬೇಕು. ನಮ್ಮ ಕಡವಿನ ಬೋಟುಗಳಲ್ಲಿ ಆ ಸಂಖ್ಯೆಯನ್ನು ನೋಡಿದವರು ಇದ್ದರೆ ಇಲ್ಲಿ ಹೇಳಿ.

ಮೇಲಿನಮನೆ, 6.52
ಇದು ನಿನ್ನೆಯ ವಿಡಿಯೊ ಅಂತೆ, ಎಲ್ಲರಿಗೂ ಕಳುಹಿಸಿ. (ಹಲವು ಬಾರಿ ರವಾನೆಯಾದ ವಿಡಿಯೊ)

ಹೊಳೆಬದಿ ಮನೆ, 6.58
ಅದು ನಮ್ಮ ಹೊಳೆಯೇ ಅಲ್ಲ. ದಯವಿಟ್ಟು ಅಳಿಸಿ, ಊರಿನಿಂದ ಹೊರಗಿರುವ ಮಕ್ಕಳು ನೋಡಿ ಗಾಬರಿಯಾಗುತ್ತಾರೆ.

ತೋಟದಮನೆ, 7.05
ಮಾಷ್ಟ್ರೇ, ಕಾನೂನು ಪುಸ್ತಕದಲ್ಲಿರುತ್ತದೆ. ಹೊಯ್ಗೆ ನಿಲ್ಲದೆ ಏನೂ ಆಗದು. ಮೊದಲು ಅದಕ್ಕೆ ದೂರು ಕೊಡೋಣ, ನಾನೇ ಬರೆಯುತ್ತೇನೆ.

ಶಾಲೆಯ ಹತ್ತಿರದ ಅಕ್ಕ, 7.20
ಎರಡನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಯಾವುದೂ ನಡೆಯದು. ಸೂರ್ಯ ಮುಳುಗಿದ ಮೇಲೆ ಬೋಟು ಬಿಡಬಾರದು, ಹತ್ತುವವರನ್ನು ಎಣಿಸಿ ಪುಸ್ತಕದಲ್ಲಿ ಬರೆಯಬೇಕು, ರಜಾದಿನಗಳಲ್ಲಿ ಸಂಜೆ ಪೊಲೀಸರ ಗಸ್ತು ಇರಬೇಕು ಎಂದಷ್ಟೇ ಕೇಳೋಣ. ಅಷ್ಟರವರೆಗೆ ಈಜು ಬಲ್ಲ ನಮ್ಮ ಹುಡುಗರು ಹಗ್ಗ ಮತ್ತು ಲೈಫ್ ಬಾಯ್ (ನೀರಿಗೆ ಎಸೆಯುವ ತೇಲುಬಳೆ) ಇಟ್ಟುಕೊಂಡು ಕಡವಿನಲ್ಲಿರಲಿ. ನಾವು ಕೇರಳದಲ್ಲಿದ್ದರೂ ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದು, ಸಂವಿಧಾನದ 350ನೇ ವಿಧಿ ಅದಕ್ಕೆ ಅವಕಾಶ ಕೊಟ್ಟಿದೆ.

ಕಡವಿನಂಗಡಿ, 7.31
ಹುಡುಗರಿಗೆ ಚಹಾ ನನ್ನ ಲೆಕ್ಕದಲ್ಲಿ. ಹೊಯ್ಗೆಯ ಮಾತು ಹಿಂದೆಗೆದುಕೊಂಡರೆ ಸಹಿಯನ್ನೂ ಹಾಕುತ್ತೇನೆ.

ತೋಟದಮನೆ, 7.33
ಹಿಂದೆಗೆದುಕೊಳ್ಳುವ ಪ್ರಶ್ನೆಯೇ ಇಲ್ಲ.

ಮೇಲಿನಮನೆ, 7.40
ವಿಡಿಯೊ ಅಳಿಸಿದ್ದೇನೆ. ಇನ್ನೊಂದು ವಿಷಯ: ಬೋಟಿಗೆ ಬಂದವರ ಕಾರುಗಳು ಕಡವಿನ ಓಣಿಯಲ್ಲಿ ಎರಡೂ ಬದಿ ನಿಲ್ಲುತ್ತವೆ. ನಿನ್ನೆ ಆಂಬುಲೆನ್ಸ್ ಬೇಕಾಗಿದ್ದರೆ ಅದು ಒಳಗೆ ಬರುತ್ತಲೇ ಇರಲಿಲ್ಲ.

ಕಾರ್ಯದರ್ಶಿ, 8.02
ಇದು ನಾವೇ ಮಾಡಬಹುದಾದ ಕೆಲಸ. ಭಾನುವಾರ ನಾಲ್ಕು ಗಂಟೆಗೆ ಸಭೆ ಸೇರೋಣ. ಓಣಿಯಲ್ಲಿ ವಾಹನ ನಿಲ್ಲಿಸಬಾರದೆಂಬ ಫಲಕದ ಖರ್ಚು ಮೊದಲ ವಿಷಯ. ಬೋಟಿನ ಅರ್ಜಿಯನ್ನು ಆಮೇಲೆ ತೆಗೆದುಕೊಳ್ಳೋಣ.

ಹೊಳೆಬದಿ ಮನೆ, 8.09
ಫಲಕಕ್ಕೆ ನನ್ನ ಪಾಲನ್ನು ಇವತ್ತೇ ಕೊಡುತ್ತೇನೆ. ಅಕ್ಕ ಹೇಳಿದ ಮೂರು ಬೇಡಿಕೆಗಳ ಅರ್ಜಿಯನ್ನು ಬರೆದು ತರುತ್ತೇನೆ, ಸಹಿ ಹಾಕದೆ ಯಾರೂ ಏಳಬಾರದು.

ಕಾರ್ಯದರ್ಶಿ, 8.15
ತನ್ನಿ. ಕರಡನ್ನು ಒಮ್ಮೆ ತೋಟದಮನೆಯವರಿಗೂ ತೋರಿಸಿ.