ಗಾಳಿಗೆ ತಿರುಗುವ ಹರಿಗೋಲು, ಗಂಟಾಗುವ ಗಾಳದ ದಾರ: ಪರಿಹಾರ ತಿಳಿಸಿ

ಪ್ರಶ್ನೆ (ಭಾಲ್ಕಿಯಿಂದ, ನಿವೃತ್ತ ಶಿಕ್ಷಕ)

ಎಲ್ಲರಿಗೂ ಶರಣು. ನನಗೆ 68 ವರ್ಷ, ನನ್ನ ಮನೆಯವರಿಗೆ 63. ಮಕ್ಕಳು ಬೇರೆ ಊರುಗಳಲ್ಲಿ ನೆಲೆಸಿದ ಮೇಲೆ ನಾವಿಬ್ಬರೂ ವಾರಕ್ಕೆ ಎರಡು ದಿನ ಕಾರಂಜಾ ಜಲಾಶಯದ ಹಿನ್ನೀರಿಗೆ ಹೋಗಿ, ಸಣ್ಣ ಹರಿಗೋಲಿನಲ್ಲಿ ಗಾಳ ಹಾಕಿ ಕೂರುತ್ತೇವೆ. ಅಲ್ಲಿ ಮೀನಿನ ಗುತ್ತಿಗೆ ಹಿಡಿದವರ ಒಪ್ಪಿಗೆ ಪಡೆದಿದ್ದೇವೆ. ಈ ಹವ್ಯಾಸ ಹಚ್ಚಿಸಿದವರು ನನ್ನ ಮನೆಯವರೇ. ಸುರಪುರ ತಾಲ್ಲೂಕಿನ ಕೃಷ್ಣಾ ದಂಡೆ ಅವರ ತವರು. ಹರಿಗೋಲಿನ ಹುಟ್ಟು ಹಾಕುವುದನ್ನು ಮದುವೆಗೆ ಮೊದಲೇ ಬಲ್ಲವರು.

ನಮ್ಮದು 8 ಅಡಿ ಅಗಲದ ಫೈಬರ್ ಹರಿಗೋಲು. ಬೆಳಿಗ್ಗೆ ಎಂಟರವರೆಗೆ ಯಾವ ತೊಂದರೆಯೂ ಇಲ್ಲ. ಆಮೇಲೆ ಪಡುವಣ ಗಾಳಿ ಎದ್ದರೆ, ಸುಮಾರು 9 ಕಿಲೋ ತೂಗುವ ಕರಿಕಲ್ಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟಿದ್ದರೂ ಹರಿಗೋಲು ಒಂದೇ ಸಮನೆ ತಿರುಗುತ್ತದೆ, ಕಲ್ಲನ್ನೂ ಎಳೆದುಕೊಂಡು ಸರಿಯುತ್ತದೆ. ನಾನು ಈ ಕಡೆ, ಅವರು ಆ ಕಡೆ ಕೂತಿರುವುದರಿಂದ ಒಂದು ಸುತ್ತು ಮುಗಿಯುವಷ್ಟರಲ್ಲಿ ಇಬ್ಬರ ದಾರಗಳೂ ಕಲ್ಲಿನ ಹಗ್ಗಕ್ಕೆ ಸುತ್ತಿಕೊಂಡಿರುತ್ತವೆ. ಕಳೆದ ಭಾನುವಾರ ಗಂಟು ಬಿಡಿಸುವುದರಲ್ಲೇ ಒಂದೂವರೆ ತಾಸು ಹೋಯಿತು.

ನನ್ನ ಮನೆಯವರು ಜೋಳದ ದಂಟಿನ ಬೆಂಡನ್ನು ಎರಡು ಬೆರಳುದ್ದ ಕತ್ತರಿಸಿ, ತುದಿಗೆ ಕೆಂಪು ಬಣ್ಣ ಹಚ್ಚಿ ಗಾಳಕ್ಕೆ ಕಟ್ಟುತ್ತಾರೆ. ಮೀನು ಮುಟ್ಟಿದಾಗ ಅದು ಎರಡು ಸಲ ಸಣ್ಣಗೆ ಅದುರುತ್ತದೆ, ಒಂದು ಗಳಿಗೆ ಸುಮ್ಮನಿರುತ್ತದೆ, ಆಮೇಲೆ ಓರೆಯಾಗಿ ಒಳಗೆ ಜಾರುತ್ತದೆ. ಆ ಗಳಿಗೆಯಲ್ಲಿ ಇಬ್ಬರೂ ಉಸಿರು ಬಿಗಿಹಿಡಿದು ನೋಡುವುದೇ ನಮ್ಮ ಸಂತೋಷ. ಹರಿಗೋಲು ನಿಲ್ಲದಿದ್ದರೆ ಬೆಂಡಿನ ಅದುರು ಮೀನಿನದೋ ಗಾಳಿಯದೋ ತಿಳಿಯುವುದೇ ಇಲ್ಲ. ದಯವಿಟ್ಟು ದಾರಿ ತೋರಿಸಿ.

ಉತ್ತರ (ಶಹಾಪುರದಿಂದ)

ಸರ್, ಶರಣಾರ್ಥಿ. ಕಲ್ಲು ಹಗುರವಾಗಿದೆ ಎನಿಸುತ್ತದೆ. 15 ಕಿಲೋದ ಕಲ್ಲು ಕಟ್ಟಿ ನೋಡಿ. ನೀವಿಬ್ಬರೂ ಒಂದೇ ಕಡೆಗೆ ಗಾಳ ಬಿಟ್ಟರೆ ದಾರ ಸುತ್ತಿಕೊಳ್ಳುವುದೂ ಕಡಿಮೆಯಾದೀತು.

ಉತ್ತರ (ಸುರಪುರ ತಾಲ್ಲೂಕಿನಿಂದ)

ಗುರುಗಳೇ, ನಮಸ್ಕಾರ. ಮೇಲಿನ ಸಹೋದರರ ಕಳಕಳಿ ನಿಜವಾದದ್ದು, ಆದರೆ 15 ಕಿಲೋ ಕಲ್ಲನ್ನು ಅಂಚಿಗೆ ಬಾಗಿ ಮೇಲೆಳೆಯುವ ಕೆಲಸವನ್ನು ಈ ವಯಸ್ಸಿನಲ್ಲಿ ಮಾಡಬೇಡಿ. ಹರಿಗೋಲು ಒಂದು ಮಗ್ಗುಲಿಗೆ ಓಲುವುದು ಹೆಚ್ಚಾಗಿ ಅಂಥ ಹೊತ್ತಿನಲ್ಲೇ. ಇಬ್ಬರೂ ಒಂದೇ ಅಂಚಿಗೆ ಕೂರುವುದೂ ಅಷ್ಟೇ ಅಪಾಯ.

ಕಲ್ಲು ನೀರಿಗಿಳಿದೊಡನೆ ತನ್ನ ತೂಕದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲನ್ನು ಕಳೆದುಕೊಳ್ಳುತ್ತದೆ, ಹಾಗಾಗಿ ನಿಮ್ಮ 9 ಕಿಲೋ ಕಲ್ಲು ತಳದಲ್ಲಿ 6 ಕಿಲೋದಷ್ಟೇ ಕೆಲಸ ಮಾಡುತ್ತಿದೆ. ಕಬ್ಬಿಣ ಕಳೆದುಕೊಳ್ಳುವುದು ಎಂಟರಲ್ಲಿ ಒಂದು ಪಾಲು ಮಾತ್ರ. ಅದಕ್ಕಿಂತ ಮುಖ್ಯವಾಗಿ, ದುಂಡಗಿನ ಕಲ್ಲು ಕೆಸರಿನ ಮೇಲೆ ಉರುಳುತ್ತದೆಯೇ ಹೊರತು ಕಚ್ಚಿ ಹಿಡಿಯುವುದಿಲ್ಲ. ಮನೆಯಲ್ಲಿ ಹಳೆಯ ನೇಗಿಲಿನ ಕುಳ ಇದ್ದರೆ ಅದನ್ನು ಬಳಸಿ. ಕುಳದ ಹಿಂಬದಿಗೆ ದನ ಕಟ್ಟುವ ಸರಪಳಿಯನ್ನು ಐದು ಅಡಿಯಷ್ಟು ಜೋಡಿಸಿ, ಸರಪಳಿಯ ತುದಿಗೆ ಹಗ್ಗ ಕಟ್ಟಿ. ಸರಪಳಿಯ ಭಾರಕ್ಕೆ ಕುಳ ಮಲಗಿಕೊಳ್ಳುತ್ತದೆ, ಎಳೆತ ಬಿದ್ದಂತೆ ಮೊನೆ ಕೆಸರಿಗೆ ಇಳಿಯುತ್ತದೆ. ಎರೆಮಣ್ಣಿನ ತಳದಲ್ಲಿ ಇದಕ್ಕೆ ಸಮನಾದದ್ದು ಇಲ್ಲ.

ಇನ್ನು ತಿರುಗುವ ಮಾತು. ದೋಣಿಗೆ ಮೂತಿಯಿದೆ, ತಳದಲ್ಲಿ ಉದ್ದನೆಯ ಏಣು, ಅಂದರೆ ಚಾಚಿಕೊಂಡ ದಿಂಡು, ಇದೆ. ದುಂಡಗಿನ ಹರಿಗೋಲಿಗೆ ಎರಡೂ ಇಲ್ಲ. ಒಂದೇ ಹಗ್ಗಕ್ಕೆ ಕಟ್ಟಿದರೆ ಅದು ಬುಗುರಿಯಂತೆ ಆಡಲೇಬೇಕು. ಆದ್ದರಿಂದ ಎರಡು ಕುಳ, ಎರಡು ಹಗ್ಗ ಬೇಕು, ಎರಡನ್ನೂ ಗಾಳಿ ಬರುವ ಕಡೆಯ ಅಂಚಿನಲ್ಲಿ ಮೂರು ಅಡಿ ಅಂತರದಲ್ಲಿ ಕಟ್ಟಬೇಕು. ಮೊದಲನೆಯದನ್ನು ಇಳಿಬಿಟ್ಟು, ಹುಟ್ಟು ಹಾಕುತ್ತ ಗಾಳಿಗೆ ಅಡ್ಡಲಾಗಿ ಸ್ವಲ್ಪ ದೂರ ಸರಿದು ಎರಡನೆಯದನ್ನು ಬಿಟ್ಟು, ಆಮೇಲೆ ಎರಡೂ ಹಗ್ಗಗಳನ್ನು ಸಮನಾಗಿ ಸಡಿಲಿಸುತ್ತ ಹಿಂದಕ್ಕೆ ಬನ್ನಿ. ಹಗ್ಗಗಳು ಮುಂದೆ ಕವಣೆಯ ಕವಲಿನಂತೆ ಅಗಲಿಕೊಂಡರೆ ಹರಿಗೋಲು ತಿರುಗಲು ನೋಡಿದ ಕೂಡಲೇ ಒಂದು ಹಗ್ಗ ಬಿಗಿಯಾಗಿ ಅದನ್ನು ಮರಳಿಸುತ್ತದೆ. ಗಾಳಗಳನ್ನು ಹಗ್ಗವಿಲ್ಲದ ಕಡೆಗೆ, ಅಂದರೆ ಗಾಳಿ ಹೋಗುವ ದಿಕ್ಕಿಗೆ, ಬಿಡಿ.

ಪ್ರಶ್ನೆ ಕೇಳಿದವರು

ತಾವು ಹೇಳಿದಂತೆ ಎರಡು ಕುಳ ಹೊಂದಿಸಿದೆವು. ಅಂಚಿನಿಂದ ನಾಲ್ಕು ಬೆರಳು ಕೆಳಗೆ ತೂತು ಹಾಕಿಸಿ, ಒಳಗಡೆ ಬೇವಿನ ಹಲಗೆಯ ತುಂಡು ಕೊಟ್ಟು ಕಬ್ಬಿಣದ ಬಳೆಗಳನ್ನು ಬಿಗಿಸಿದ್ದೇವೆ. ತಿರುಗುವುದು ನಿಂತಿದೆ. ಆದರೆ ಹೊಸ ತೊಂದರೆಯೊಂದು ಕಂಡಿತು: ಅಲೆ ಜೋರಾದಾಗ ಹಗ್ಗ ಕಟ್ಟಿದ ಅಂಚು ಕೆಳಗೆ ಜಗ್ಗಿ ಎರಡು ಮೂರು ಬೊಗಸೆ ನೀರು ಒಳಬಂದಿತು. ನೀರಿನ ಆಳ 12 ಅಡಿ, ಹಗ್ಗ 15 ಅಡಿ. ನನ್ನ ಮನೆಯವರು ಗಾಬರಿಯಾಗಲಿಲ್ಲ, ನಾನಾದೆ.

ಉತ್ತರ (ಸುರಪುರ ತಾಲ್ಲೂಕಿನಿಂದ)

ತಪ್ಪು ನನ್ನದು ಗುರುಗಳೇ, ಹಗ್ಗದ ಅಳತೆಯನ್ನು ಮೊದಲೇ ಹೇಳಬೇಕಿತ್ತು. ಹಗ್ಗ ಗಿಡ್ಡವಾಗಿದ್ದರೆ ಎಳೆತ ನೆಟ್ಟಗೆ ಕೆಳಕ್ಕೆ ಬೀಳುತ್ತದೆ. ಅಲೆ ಹರಿಗೋಲನ್ನು ಮೇಲೆತ್ತುವಾಗ ಹಗ್ಗ ಅಂಚನ್ನು ನೀರಿಗೆ ಒತ್ತುತ್ತದೆ, ಕುಳದ ಮೊನೆಯೂ ಕೆಸರಿನಿಂದ ಕಿತ್ತುಬರುತ್ತದೆ. ಆಳದ ನಾಲ್ಕು ಪಟ್ಟು ಹಗ್ಗ ಬಿಡಿ. ನಿಮ್ಮ ಜಾಗಕ್ಕೆ ತಲಾ 50 ಅಡಿ ಸಾಕು. ನೀರಿನ ಮೇಲೆ ತೇಲುವ ಅಗ್ಗದ ಪ್ಲಾಸ್ಟಿಕ್ ಹಗ್ಗ ಬೇಡ, ಅದು ಗಾಳದ ದಾರಕ್ಕೆ ತೊಡರುತ್ತದೆ. ನೈಲಾನ್ ಹಗ್ಗ ನೀರಿನಲ್ಲಿ ಮುಳುಗುತ್ತದೆ, ತುಸು ಹಿಗ್ಗಿ ಅಲೆಯ ಜಗ್ಗನ್ನೂ ತಾಳಿಕೊಳ್ಳುತ್ತದೆ. ಅಂಚಿನಲ್ಲಿ ಹಾಕುವ ಗಂಟು ಒಂದೇ ಎಳೆತಕ್ಕೆ ಬಿಚ್ಚುವಂತಿರಲಿ, ಕೈಗೆಟಕುವಲ್ಲಿ ಒಂದು ಚೂರಿ ಇರಲಿ. ಅಮ್ಮನವರು ಈಜು ಬಲ್ಲವರೇ ಇರಬಹುದು, ಆದರೂ ಇಬ್ಬರೂ ಲೈಫ್ ಜಾಕೆಟ್ ತೊಟ್ಟುಕೊಂಡೇ ಹರಿಗೋಲು ಹತ್ತಬೇಕು. ಇದೊಂದನ್ನು ನಿಮ್ಮ ಮಗನಂತೆ ಕೇಳಿಕೊಳ್ಳುತ್ತೇನೆ. ಗಾಳಿ ಜೋರಾಗಿ ಅಲೆಯ ತಲೆ ಬೆಳ್ಳಗೆ ಒಡೆಯತೊಡಗಿದರೆ ಹಗ್ಗದ ಲೆಕ್ಕ ಬೇಡ, ದಡಕ್ಕೆ ಬಂದುಬಿಡಿ.

ಉತ್ತರ (ಶಹಾಪುರದಿಂದ)

ನನ್ನ 15 ಕಿಲೋದ ಸಲಹೆಯನ್ನು ಹಿಂದಕ್ಕೆ ಪಡೆಯುತ್ತೇನೆ. ಸರ್, ಹರಿಗೋಲು ನಿಂತಿರುವುದರಿಂದ ಇನ್ನು ತಳದ ಮೀನಿಗೆ ಪ್ರಯತ್ನಿಸಿ. ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ. ಸರಿಯುವ ಹರಿಗೋಲಿನಿಂದ ಮೃಗಾಲ್ ಹಿಡಿಯುವುದು ಕಷ್ಟ, ಏಕೆಂದರೆ ಗಾಳದ ಉಂಡೆ ಕೆಸರಿನಲ್ಲಿ ಎಳೆದಾಡಿ ಬಿಚ್ಚಿಹೋಗುತ್ತದೆ. ಶೇಂಗಾ ಹಿಂಡಿಯನ್ನು ಜೋಳದ ಹಿಟ್ಟಿನೊಂದಿಗೆ ಗಟ್ಟಿಯಾಗಿ ನಾದಿ ಉಂಡೆ ಕಟ್ಟಿ.

ಪ್ರಶ್ನೆ ಕೇಳಿದವರು

ಇಂದು ಬೆಳಿಗ್ಗೆ ಹೋಗಿ ಬಂದೆವು. ಎಂಟೂವರೆಗೆ ಗಾಳಿ ಎದ್ದರೂ ಹರಿಗೋಲು ಹತ್ತೂವರೆಯವರೆಗೆ ಜಾಗ ಬಿಡಲಿಲ್ಲ, ಅಂಚಿನಲ್ಲಿ ನೀರೂ ಬರಲಿಲ್ಲ. ಹಿಂಡಿಯ ಉಂಡೆಗೆ ನನ್ನ ಮನೆಯವರ ಗಾಳಕ್ಕೆ ಒಂದು ಮೃಗಾಲ್ ಬಿದ್ದಿತು, ಮನೆಗೆ ತಂದು ತೂಗಿದಾಗ ಒಂದೂಕಾಲು ಕಿಲೋ ಇತ್ತು. ಬೆಂಡು ಅದುರಿದ್ದನ್ನು ನನಗಿಂತ ಮೊದಲು ಕಂಡವರೂ ಅವರೇ. ಮಾತಾಡದೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ತೋರಿಸಿದರು. ಇಬ್ಬರಿಗೂ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ.

ಒಂದು ಸಣ್ಣ ವಿಷಯ ಉಳಿದಿದೆ. ಹೊರಡುವಾಗ ಒಂದು ಕುಳ ಹಳೆಯ ಜಾಲಿಯ ಬೇರಿಗೆ ಸಿಕ್ಕಿಕೊಂಡಿತು, ಬಿಡಿಸಲು ತುಂಬಾ ಹೊತ್ತು ಬೇಕಾಯಿತು.

ಉತ್ತರ (ಸುರಪುರ ತಾಲ್ಲೂಕಿನಿಂದ)

ಕುಳದ ಮೊನೆಯ ಕಡೆಗೆ ಇನ್ನೊಂದು ತೆಳ್ಳನೆಯ ಹಗ್ಗ ಕಟ್ಟಿ, ಅದರ ಮೇಲ್ತುದಿಗೆ ಮುಚ್ಚಳ ಬಿಗಿದ ಖಾಲಿ ಬಾಟಲಿಯನ್ನು ಕಟ್ಟಿ ತೇಲಬಿಡಿ. ಅದು ಆಳಕ್ಕಿಂತ ಎರಡು ಮೂರು ಅಡಿ ಉದ್ದವಿದ್ದರೆ ಸಾಕು. ಕುಳ ಸಿಕ್ಕಿಕೊಂಡಾಗ ದೊಡ್ಡ ಹಗ್ಗವನ್ನು ಸಡಿಲ ಬಿಟ್ಟು, ಬಾಟಲಿಯ ಹತ್ತಿರ ಹೋಗಿ ಈ ಹಗ್ಗವನ್ನು ಎಳೆಯಿರಿ. ಕುಳ ಹೊಕ್ಕ ದಾರಿಯಲ್ಲೇ ಹಿಂದಕ್ಕೆ ಬರುತ್ತದೆ. ಎಳೆಯುವಾಗ ಅಮ್ಮನವರು ಎದುರು ಅಂಚಿನಲ್ಲಿ ಕೂತಿರಲಿ.