ಡೈವರ್ಸಿಟಿ ಫ್ಯಾಕ್ಟರ್‌ಗೆ ಕನ್ನಡದಲ್ಲಿ ಏನನ್ನೋಣ? ಗುಣಿಸಬೇಕೋ ಭಾಗಿಸಬೇಕೋ ಪದವೇ ಹೇಳಬೇಕು

ಗೆಳೆಯರೇ,

ದಾವಣಗೆರೆಯಲ್ಲಿ ಕಟ್ಟಡಗಳಿಗೆ ಎಲೆಕ್ಟ್ರಿಕಲ್ ಡಿಸೈನ್ ಮಾಡಿಕೊಡುವ ಕೆಲಸ ನನ್ನದು. ದಿನವಿಡೀ ರೆವಿಟ್ ಎಂಬ ಕಟ್ಟಡ ಡಿಸೈನಿನ ಸಾಫ್ಟ್‌ವೇರ್ ಮುಂದೆ ಕೂತಿರುತ್ತೇನೆ. ಲೈಟು, ಫ್ಯಾನು, ಗೀಸರ್ ಪಾಯಿಂಟುಗಳನ್ನು ನಕ್ಷೆಯಲ್ಲಿ ಕೂರಿಸಿ ಸರ್ಕ್ಯೂಟಿಗೆ ಸೇರಿಸುತ್ತ ಹೋದರೆ ಪ್ಯಾನಲ್ ಶೆಡ್ಯೂಲಿನ (ಬೋರ್ಡಿನ ಸರ್ಕ್ಯೂಟುಗಳ ಪಟ್ಟಿ) ತಳದಲ್ಲಿ ಅದೇ ಲೆಕ್ಕ ಹಾಕಿ ತೋರಿಸುತ್ತದೆ: ಕನೆಕ್ಟೆಡ್ ಲೋಡ್ ಎಷ್ಟು, ಡಿಮ್ಯಾಂಡ್ ಫ್ಯಾಕ್ಟರ್ ಎಷ್ಟು, ಎಸ್ಟಿಮೇಟೆಡ್ ಡಿಮ್ಯಾಂಡ್ ಎಷ್ಟು. ಆ ಹಾಳೆಯನ್ನು ಇಷ್ಟು ದಿನ ಇಂಗ್ಲಿಷಿನಲ್ಲೇ ಕೊಡುತ್ತಿದ್ದೆ. ಈ ಸಲ ವಿದ್ಯಾನಗರದ ಎಂಟು ಮನೆಗಳ ಅಪಾರ್ಟ್‌ಮೆಂಟಿಗೆ ಕನ್ನಡದಲ್ಲಿ ಮಾಡಿಕೊಟ್ಟೆ, ವೈರಿಂಗ್ ಹುಡುಗರೂ ಓದಲಿ ಅಂತ. ಫಜೀತಿ ಅಲ್ಲಿಂದ ಶುರುವಾಯಿತು.

ಲೆಕ್ಕ ಇಷ್ಟೇ. ಒಂದು ಮನೆಯಲ್ಲಿ 2 ಕಿಲೋವ್ಯಾಟಿನ ಎರಡು ಗೀಸರ್, ಒಂದೂವರೆಯ ಎರಡು ಎ.ಸಿ., ಅಡುಗೆಮನೆಗೆ 2, ಉಳಿದ ಲೈಟು ಫ್ಯಾನು ಫ್ರಿಜ್ಜು ಎಲ್ಲ ಸೇರಿ 1. ಒಟ್ಟು 10 ಕಿಲೋವ್ಯಾಟ್, ಅದೇ ಕನೆಕ್ಟೆಡ್ ಲೋಡ್. ಎಲ್ಲವನ್ನೂ ಯಾರೂ ಒಟ್ಟಿಗೆ ಹಾಕುವುದಿಲ್ಲ, ಹೆಚ್ಚೆಂದರೆ 6 ಎಳೆಯುತ್ತದೆ ಎಂದು ಹಿಡಿದೆ. ಆ 0.6 ಡಿಮ್ಯಾಂಡ್ ಫ್ಯಾಕ್ಟರ್. ಎಂಟು ಮನೆಗೆ 48. ಆದರೆ ಎಂಟು ಮನೆಯವರೂ ಒಂದೇ ಗಳಿಗೆಯಲ್ಲಿ ಆ 6ಕ್ಕೆ ಮುಟ್ಟುವುದಿಲ್ಲ. ಒಬ್ಬರ ಸ್ನಾನ ಐದಕ್ಕೆ, ಇನ್ನೊಬ್ಬರದು ಎಂಟಕ್ಕೆ. ಹಾಗಾಗಿ ಇಡೀ ಕಟ್ಟಡದ ಗರಿಷ್ಠ 32 ಎಂದು ಹಿಡಿದೆ. 48ನ್ನು 32ರಿಂದ ಭಾಗಿಸಿದರೆ ಬರುವ 1.5 ಡೈವರ್ಸಿಟಿ ಫ್ಯಾಕ್ಟರ್. ಮೊದಲನೆಯದಕ್ಕೆ ರೆವಿಟ್‌ನಲ್ಲೇ ಜಾಗ ಇದೆ, ಎರಡನೆಯದನ್ನು ನಾನೇ ಕೈಲೆಕ್ಕ ಮಾಡಿ ಕೆಳಗೆ ಬರೆದೆ. ನಿಘಂಟು ನೋಡಿ ‘ಬೇಡಿಕೆ ಅಪವರ್ತನ 0.6, ವೈವಿಧ್ಯ ಅಪವರ್ತನ 1.5’ ಎಂದು ಬರೆದೆ.

ಎರಡು ದಿನ ಬಿಟ್ಟು ಓನರ್ ಫೋನು. ಮೇಸ್ತ್ರಿ ಹೇಳಿದ ಮೇನ್ ಕೇಬಲ್ಲಿನ ರೇಟು ಕೇಳಿ ಗಾಬರಿಯಾಗಿದ್ದರು. ಸೈಟಿಗೆ ಹೋದರೆ ಮೇಸ್ತ್ರಿ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದಿದ್ದ ಪೇಪರಿನ ಅಂಚು ತೋರಿಸಿದರು. 48 ಗುಣಿಲೆ 1.5, ಬರೋಬ್ಬರಿ 72. ಎಣ್ಣೆ ಹತ್ತಿದ ಕಡೆ ಅಂಕಿ ಮೂಡದೆ ಎರಡು ಸಲ ತಿದ್ದಿದ್ದರು ಪಾಪ. “0.6ನ್ನ ನೀವು ಗುಣಿಸೀರಿ. ಇದೂ ಅಪವರ್ತನ ಅಂತ ಐತಿ, ಅದಕ್ಕ ನಾನೂ ಗುಣಿಸ್ದೆ. ತಪ್ಪೇನು ಸಾರ್?” 400 ವೋಲ್ಟಿನ ತ್ರೀ ಫೇಸ್‌ನಲ್ಲಿ, ಪವರ್ ಫ್ಯಾಕ್ಟರ್ (ಎಳೆದ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.9 ಹಿಡಿದರೆ, 32 ಕಿಲೋವ್ಯಾಟಿಗೆ ಸುಮಾರು 51 ಆಂಪಿಯರ್, 72ಕ್ಕೆ 115. ಕೇಬಲ್ ದಪ್ಪ ಆಗದೆ ಇನ್ನೇನು?

ತಪ್ಪು ಅವರದಲ್ಲ. ಶಾಲೆಯಲ್ಲಿ ನಾವೆಲ್ಲ ಕಲಿತ ಅಪವರ್ತನ ಅಂದರೆ 12ಕ್ಕೆ 1, 2, 3, 4, 6, 12. ಶೇಷ ಬಿಡದೆ ಭಾಗಿಸುವ ಸಂಖ್ಯೆ. 0.6 ಯಾವುದರ ಅಪವರ್ತನ? ಇಂಗ್ಲಿಷಿನ ಫ್ಯಾಕ್ಟರ್ ಶಾಲೆಯ ಈ ಅರ್ಥಕ್ಕೂ ನಮ್ಮ ಡಿಸೈನಿನ ಅರ್ಥಕ್ಕೂ ಒದಗುತ್ತದೆ, ನಮ್ಮ ಅಪವರ್ತನ ಒದಗುವುದಿಲ್ಲ. ಅದೇ ಶಾಲೆಯಲ್ಲೇ ಇನ್ನೂ ಚೊಕ್ಕವಾದ ಪದಗಳಿದ್ದವು: ಗುಣ್ಯ, ಗುಣಕ, ಗುಣಲಬ್ಧ, ಭಾಜ್ಯ, ಭಾಜಕ, ಭಾಗಲಬ್ಧ. ಡಿಮ್ಯಾಂಡ್ ಫ್ಯಾಕ್ಟರ್ ಗುಣಕ, ಡೈವರ್ಸಿಟಿ ಫ್ಯಾಕ್ಟರ್ ಭಾಜಕ. ಹಾಗೆ ಬರೆದಿದ್ದರೆ ಮೇಸ್ತ್ರಿ ಪೆನ್ಸಿಲ್ ತೆಗೆಯುತ್ತಲೇ ಇರಲಿಲ್ಲ.

ಇನ್ನು ಬೇಡಿಕೆ. ಈ ಊರಲ್ಲಿ ಬೇಡಿಕೆ ಎಂದರೆ ಈಡೇರಿಸಿ ಎಂದು ಧರಣಿ ಕೂರುವಂಥದ್ದು, ಇಲ್ಲವೇ ಎ.ಪಿ.ಎಂ.ಸಿ.ಯಲ್ಲಿ ಮೆಕ್ಕೆಜೋಳಕ್ಕೆ ಇರುವಂಥದ್ದು. ವೈರು ಏನನ್ನೂ ಬೇಡುವುದಿಲ್ಲ, ಎಳೆಯುತ್ತದೆ. “ಗೀಸರ್ ಭಾಳ ಎಳೀತೈತಿ” ಎಂಬುದು ಎಲ್ಲರ ಬಾಯಲ್ಲಿರುವ ಮಾತು. ಆದ್ದರಿಂದ ‘ಎಳೆತ ಗುಣಕ’ ಎಂದರೆ ಹೇಗೆ? ಎಳೆತ ಸೆಳೆತ ಭೌತಶಾಸ್ತ್ರದ ಬಲಗಳಂತೆ ಕೇಳಿಸುತ್ತವೆ ಎಂದು ನನ್ನ ತಂಗಿ ಮೂಗು ಮುರಿದಳು. ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು, ಅವಳ ಮಾತನ್ನು ತಳ್ಳಿಹಾಕುವಂತಿಲ್ಲ. ಲೋಡ್ ಮಾತ್ರ ಲೋಡೇ ಇರಲಿ. ಲಾರಿಗೂ ಲೋಡು, ಲೈನಿಗೂ ಲೋಡು. ಹೊರೆ ಎಂದರೆ ನನಗೆ ಹುಲ್ಲೇ ಕಣ್ಣ ಮುಂದೆ ಬರುತ್ತದೆ.

ವೈವಿಧ್ಯದ್ದೇ ನಿಜವಾದ ತೊಡಕು. ಲೋಡುಗಳು ಬೇರೆ ಬೇರೆ ಬಗೆಯವು ಎಂಬ ಅರ್ಥ ಕೊಡುತ್ತದೆ ಅದು. ಎಂಟೂ ಮನೆಯಲ್ಲಿ ಅದೇ ಕಂಪನಿಯ ಅದೇ ಗೀಸರ್ ಇದ್ದರೂ ಡೈವರ್ಸಿಟಿ ಇರುತ್ತದೆ; ಬೇರೆಯಾಗಿರುವುದು ಹೊತ್ತು. ವಿಷಯ ಬಿಡಿಸಿ ಹೇಳಿದಾಗ ಮೇಸ್ತ್ರಿ ತಟ್ಟನೆ ಅಂದರು: “ಅಂದ್ರ ಮದುವಿ ಊಟ ಇದ್ದಂಗ. ಸಾವಿರ ಕಾರ್ಡು ಹಂಚಿದ್ರೂ ಆರುನೂರು ಎಲಿ. ಆ ಆರುನೂರು ಮಂದೀನೂ ಒಂದೇ ಪಂಕ್ತಿಗೆ ಕುಂದ್ರಲ್ಲ.” ಸೊಗಸಾದ ಹೋಲಿಕೆ. ರಾತ್ರಿ ಯೋಚಿಸಿದಾಗ ಅರ್ಧವೇ ಸರಿ ಅನ್ನಿಸಿತು. ಎಲೆ ಎಣಿಸಿದರೆ ಸಿಗುವುದು ಒಟ್ಟು ಉಂಡವರ ಲೆಕ್ಕ, ಅಂದರೆ ಬಿಲ್ಲಿನಲ್ಲಿ ಬರುವ ಯೂನಿಟ್ಟು. ಕಿಲೋವ್ಯಾಟ್ ಎಂದರೆ ಒಂದು ಪಂಕ್ತಿಗೆ ಎಷ್ಟು ಬೆಂಚು ಹಾಕಬೇಕು ಎನ್ನುವುದು. ಕೇಬಲ್ ತರುವುದು ಬೆಂಚಿನ ಲೆಕ್ಕದಲ್ಲಿ.

ಪಂಕ್ತಿಯಿಂದ ‘ಪಾಳಿ ಭಾಜಕ’ ಹೊಳೆಯಿತು. ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು ನಮ್ಮದು, ಪಾಳಿ ಗೊತ್ತಿಲ್ಲದವರು ಯಾರು? ಆದರೆ ಪಾಳಿ ಎಂದರೆ ಯಾರೋ ಕೂತು ಗೊತ್ತುಮಾಡಿದ್ದು. ಹಳ್ಳಿಯ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರುವುದು ಪಾಳಿ ಮೇಲೆ. ಮನೆಯವರ ಸ್ನಾನಕ್ಕೆ ಯಾರೂ ಪಾಳಿ ಹಚ್ಚಿಲ್ಲ, ಅದು ತಾನಾಗಿ ಆಗುವುದು. ಅದಕ್ಕೆ ಪಾಳಿಯನ್ನು ಮನಸ್ಸಿಲ್ಲದ ಮನಸ್ಸಿನಿಂದ ಕೈಬಿಟ್ಟೆ.

ಇನ್ನೊಂದು ದಾರಿಯೂ ಇದೆ. ಡೈವರ್ಸಿಟಿ ಫ್ಯಾಕ್ಟರನ್ನು ತಿರುವಿ ಹಾಕಿದರೆ ಕೋಇನ್ಸಿಡೆನ್ಸ್ ಫ್ಯಾಕ್ಟರ್ ಸಿಗುತ್ತದೆ, ಇದು ಎಂಜಿನಿಯರುಗಳು ಬಳಸುವ ಮಾತೇ. 1.5 ಹೋಗಿ 0.67 ಆಗುತ್ತದೆ, 48ಕ್ಕೆ ಗುಣಿಸಿದರೆ ಅದೇ 32. ಆಗ ಭಾಜಕದ ಗೊಡವೆಯೇ ಇಲ್ಲ, ಹಾಳೆಯಲ್ಲಿರುವುದೆಲ್ಲ ಗುಣಕ. ನಮ್ಮ ಕಡೆ ಕೆಲವರು 0.67ನ್ನೇ ಡೈವರ್ಸಿಟಿ ಎಂದು ಬರೆದುಬಿಡುತ್ತಾರೆ, ಅದು ಇನ್ನೊಂದು ಗೋಜಲು. ಇದಕ್ಕೆ ‘ಏಕಕಾಲ ಗುಣಕ’ ಎನ್ನಬಹುದೇ? ‘ಒಟ್ಟಿಗೆ ಗುಣಕ’ ಎಂದರೆ ಮೇಸ್ತ್ರಿಗೆ ಸಲೀಸು, ಕೇಳುವುದಕ್ಕೆ ಮಾತ್ರ ಕುಂಟುತ್ತದೆ. ‘ಜೊತೆ ಗುಣಕ’ ಎಂದರೆ ಎರಡೇ ಮನೆ ಇದ್ದಂತೆ ಭಾಸವಾಗುತ್ತದೆ.

ಕೇಳುವುದು ಮೂರು. ಡಿಮ್ಯಾಂಡಿಗೆ ಎಳೆತ ನಡೆದೀತೇ, ಅಥವಾ ಬೇಡಿಕೆ ಈಗಾಗಲೇ ಬೇರೂರಿದೆಯೇ? ಏಕಕಾಲಕ್ಕಿಂತ ನಾಲಿಗೆಗೆ ಹತ್ತಿರದ ಪದ ನಿಮ್ಮ ಊರಿನ ವೈರ್‌ಮನ್‌ಗಳ ಬಾಯಲ್ಲಿ ಇದೆಯೇ? ಪಠ್ಯಪುಸ್ತಕ ಬರೆದವರು ಯಾರಾದರೂ ಇಲ್ಲಿದ್ದರೆ, ಪವರ್ ಫ್ಯಾಕ್ಟರ್‌ಗೂ ಗುಣಕ ಎಂದೇ ಬಳಸಿದ್ದೀರಾ, ಗುಣಾಂಕ ಎಂದೇ? ಮುಂದಿನ ವಾರ ಪ್ಯಾನಲ್ ಬೋರ್ಡು ಕೂರಿಸುತ್ತಾರೆ. ಅದರ ಬಾಗಿಲ ಒಳಗೆ ಅಂಟಿಸುವ ಹಾಳೆಯಲ್ಲಿ ಸದ್ಯಕ್ಕೆ ಆ ಜಾಗ ಖಾಲಿ ಬಿಟ್ಟಿದ್ದೇನೆ.