ಹುಡುಗ ಕಬಡ್ಡಿ ಆಡಲಿ ಬಿಡಿ, ಭಾವ

ಭಾವ, ನಿಮ್ಮ ಮೆಸೇಜ್ ಕೇಳಿದೆ. ನಿಮ್ಮ ಮಗ ಕಬಡ್ಡಿ ಬಿಟ್ಟು ಕ್ರಿಕೆಟ್ ಕೋಚಿಂಗಿಗೆ ಸೇರಲಿ, ಈ ದೇಶದಲ್ಲಿ ಬೇರೆ ಆಟ ನೋಡುವವರೇ ಇಲ್ಲ ಅಂದ್ರಿ. ಕ್ರಿಕೆಟ್ ಮೇಲೆ ನನಗೇನೂ ಸಿಟ್ಟಿಲ್ಲ. ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ ಆಡುವಾಗ ನಾನೂ ಟಿವಿ ಮುಂದಿನಿಂದ ಏಳುವುದಿಲ್ಲ. ಆದರೆ ನೋಡುವವರಿಲ್ಲ ಅನ್ನುವ ಮಾತು ಒಪ್ಪುವುದಿಲ್ಲ.

ಹಾಕಿಯನ್ನೇ ತಗೊಳ್ಳಿ. ಒಲಿಂಪಿಕ್ಸಿನಲ್ಲಿ 8 ಚಿನ್ನ, ಕೊನೆಯದು 1980ರಲ್ಲಿ. 1983ರಲ್ಲಿ ಕಪಿಲ್ ದೇವ್ ತಂಡ ವಿಶ್ವಕಪ್ ಗೆದ್ದ ಮೇಲೆ ಕ್ರಿಕೆಟ್ ಹಾಕಿಯನ್ನು ನುಂಗಿತು ಅಂತ ಎಲ್ಲರೂ ಹೇಳುತ್ತಾರೆ. ಪೆಟ್ಟು ಬಿದ್ದದ್ದು ಅದಕ್ಕೂ ಮೊದಲೇ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹುಲ್ಲು ಹೋಗಿ ಟರ್ಫ್, ಅಂದ್ರೆ ಕೃತಕ ಹುಲ್ಲಿನ ಹಾಸು, ಬಂತು. ಹಳ್ಳಿ ಶಾಲೆಯ ಮಕ್ಕಳು ಟರ್ಫ್ ಎಲ್ಲಿಂದ ತರಬೇಕಿತ್ತು? ಕ್ರಿಕೆಟಿಗಾದರೆ ಒಂದು ಬ್ಯಾಟು, ಟೆನಿಸ್ ಬಾಲು, ಕೊಯ್ಲು ಮುಗಿದ ಗದ್ದೆ ಸಾಕಾಗಿತ್ತು.

ಕಬಡ್ಡಿ ಕಲಿಯಲು ಅಷ್ಟೂ ಬೇಡ, ಅಲ್ವಾ? ಕಾರ್ಕಳ ಕಡೆಯ ಮಮತಾ ಪೂಜಾರಿ 2010ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಆಗ ಪ್ರೊ ಕಬಡ್ಡಿ ಲೀಗ್ ಹುಟ್ಟೇ ಇರಲಿಲ್ಲ. 2014ರಲ್ಲಿ ಅದು ಟಿವಿಯಲ್ಲಿ ಬಂತು ನೋಡಿ, ಅಡುಗೆಮನೆಯಿಂದ ಅಮ್ಮನೂ ಬಂದು ಕೂತರು. ಆಟ ಹಳೆಯದೇ, ಜನರೂ ಹಳಬರೇ. ಸರಿಯಾಗಿ ತೋರಿಸಿದರು, ಜನ ನೋಡಿದರು, ಅಷ್ಟೇ.

ಮೊನ್ನೆಯ ಹೊನಲು ಬೆಳಕಿನ ಪಂದ್ಯಾಟಕ್ಕೆ ನೀವು ಬರಬೇಕಿತ್ತು ಮಾರಾಯ್ರೆ. ಕುರ್ಚಿ ಸಾಲದೆ ಜನ ಗದ್ದೆಬದುವಿನ ಮೇಲೆ ನಿಂತಿದ್ದರು. ಎದುರಾಳಿ ಅಂಗಣಕ್ಕೆ ನುಗ್ಗಿದ ಎರಡು ರೈಡ್ ಅಂಕವಿಲ್ಲದೆ ಖಾಲಿ ಹೋಗಿತ್ತು, ಮೂರನೆಯದಕ್ಕೆ ಅಂಕ ತರಲೇಬೇಕು. ಎದುರು ಆರು ಜನ. ನಿಮ್ಮ ಮಗ ಸೀದಾ ಒಳಗೆ ಹೋಗಿ, ಹಿಂದಿನ ಕಾಲು ಎತ್ತಿ, ಮುಂದಿನ ಕಾಲನ್ನು ಬೋನಸ್ ಗೆರೆಯಾಚೆ ಇಟ್ಟ. ಕಾರ್ನರಿನವನು ಹಿಮ್ಮಡಿಗೆ ಕೈ ಹಾಕಿದ. ಇವನು ಬಿದ್ದವನೇ ಎಳೆದುಕೊಂಡು ಬಂದು ಮಧ್ಯಗೆರೆಗೆ ಬೆರಳು ತಾಗಿಸಿದ. ಬೋನಸಿಗೊಂದು, ಹಿಡಿಯಲು ಬಂದವನಿಗೊಂದು, ಎರಡು ಅಂಕ! ಮೈಕಿನವರು ಅವನ ಹೆಸರು ಕೂಗಿದಾಗ ನನ್ನ ಕಣ್ಣಲ್ಲಿ ನೀರು ಬಂತು.

ಈ ಧೈರ್ಯ ದುಡ್ಡು ಕೊಟ್ಟರೆ ಬರುವುದಿಲ್ಲ ಭಾವ. ಕ್ರಿಕೆಟಿಗೆ ಹುಡುಗರು ಸಾಲುಗಟ್ಟಿ ಕಾಯುತ್ತಿದ್ದಾರೆ, ಅದಕ್ಕೆ ಇವನೊಬ್ಬ ಸಿಗದಿದ್ದರೆ ಏನೂ ಕಮ್ಮಿ ಆಗುವುದಿಲ್ಲ. ನಮ್ಮೂರ ತಂಡದಲ್ಲಿ ಮಾತ್ರ ಇವನಿಲ್ಲದೆ ರೈಡರ್ ಯಾರೂ ಇಲ್ಲ.

ಫೀಸ್ ಕಟ್ಟುವ ಮೊದಲು ಒಮ್ಮೆ ಅವನನ್ನೇ ಕೂರಿಸಿ ಕೇಳಿ. ಭಾನುವಾರ ರಾತ್ರಿ ಇನ್ನೊಂದು ಪಂದ್ಯಾಟ ಉಂಟು. ಅಕ್ಕನನ್ನೂ ಕರ್ಕೊಂಡು ಬನ್ನಿ, ಮುಂದಿನ ಸಾಲಲ್ಲಿ ಜಾಗ ಹಿಡಿದಿಡುತ್ತೇನೆ.